ಮುಂದೆ ಬರುವವನ ನೀರು

ಬನ್ರೋ, ಬನ್ರೇ, ಹತ್ತಿರ ಬಂದು ಕೂತ್ಕೊಳ್ಳಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಹೇಳ್ತಾ ಹೋಗ್ತೀನಿ, ನೀವು ಹೂಂಗುಟ್ಟಬೇಕು. ನಿಮ್ಮ ಹೂಂ ನಿಂತರೆ ನನ್ನ ಕಥೆಯೂ ನಿಂತಿತು. ಇದು ನಗೋ ಕಥೆ ಅಲ್ಲ, ತಲೆ ತಗ್ಗಿಸೋ ಕಥೆ. ನಡುವೆ ಒಂದು ಕತ್ತೆ ಬರುತ್ತೆ, ಬೇಕಾದರೆ ಆಗ ನಕ್ಕೊಳ್ಳಿ.

ಮರಳುಗಾಡಿನ ಅಂಚಿನಲ್ಲಿ ಒಂದು ರಾಜ್ಯ ಇತ್ತಂತೆ. ಅಲ್ಲೊಬ್ಬ ರಾಜ ಇದ್ದನಂತೆ. ಆ ರಾಜ್ಯದಲ್ಲಿ ಜೋಳ ಇತ್ತು, ಎಣ್ಣೆ ಇತ್ತು, ಬೆಲ್ಲ ಇತ್ತು. ಉಪ್ಪು ಮಾತ್ರ ಇರಲಿಲ್ಲ. ಉಪ್ಪು ಇದ್ದದ್ದು ಮರಳುಗಾಡಿನ ಆಚೆ ಕಡೆ, ಉಪ್ಪಿನಕೊಪ್ಪ ಅನ್ನೋ ಊರಲ್ಲಿ. ನಡುವೆ ಬರೀ ಮರಳು. ಬಾವಿ ಇಲ್ಲ, ಕೆರೆ ಇಲ್ಲ, ಹೆಸರಿಗೆ ಒಂದು ಜಾಲಿಮರವೂ ಇಲ್ಲ.

ಮತ್ತೆ ದಾರಿ ಹೆಂಗಾಯ್ತು ಅಂತೀರಾ? ಕತ್ತೆಯಿಂದ ಆಯ್ತು. ನಗಿ, ನಗಿ, ಆಮೇಲೆ ಕೇಳಿ. ಆ ಸೀಮೆಯವರು ಆಗಿನ್ನೂ ಒಂಟೆಯ ಮುಖ ಕಂಡಿರಲಿಲ್ಲ. ಹೇರು ಹೊರೋದು ಕತ್ತೆ. ಹೇರು ಹೊತ್ತ ಕತ್ತೆ ನೀರಿಲ್ಲದೆ ಎಷ್ಟು ದೂರ ನಡೀತದೋ, ಅಷ್ಟೇ ದೂರ ಮನುಷ್ಯನೂ ಹೋಗಬಹುದು. ಪೂರ್ತಿ ದಾರಿಗೆ ಬೇಕಾದ ನೀರನ್ನ ಕತ್ತೆ ಮೇಲೇ ಹೇರಿದರೆ ಉಪ್ಪಿಗೆ ಜಾಗ ಎಲ್ಲಿ? ನೀರು ಹೇರದೇ ಹೊರಟರೆ ನಡುದಾರೀಲಿ ಕತ್ತೆ ಮಲಗುತ್ತೆ, ಪಕ್ಕದಲ್ಲಿ ನಾವೂ ಮಲಗಬೇಕು.

ಹಿಂದಿನವರು ಯೋಚನೆ ಮಾಡಿದರು. ಕತ್ತೆ ಎಲ್ಲಿ ಸೋತು ನಿಲ್ಲುತ್ತೋ ಅಲ್ಲಿ ಮಣ್ಣಿನ ಗಡಿಗೆಗಳನ್ನ ಜೋಡಿಸಿ, ನೀರು ತುಂಬಿಸಿ ಇಟ್ಟರು. ಬಯಲಲ್ಲಿಟ್ಟ ಗಡಿಗೆ ಬಿಸಿಲಿಗೆ ಆರಿಹೋಗುತ್ತೆ. ಅದಕ್ಕೆ ಬಂಡೆಯ ನೆರಳು ಹುಡುಕಿದರು. ಗಡಿಗೆಗೆ ನೆರಳು ಬೇಕು. ಕತ್ತೆಗೆ ಗಡಿಗೆ ಬೇಕು. ಮನುಷ್ಯನಿಗೆ ಕತ್ತೆ ಬೇಕು. ಹಂಗಾಗಿ ಆ ದಾರಿ ನೆಟ್ಟಗೆ ಹೋಗಲಿಲ್ಲ, ಬಂಡೆಯಿಂದ ಬಂಡೆಗೆ ಡೊಂಕುಡೊಂಕಾಗಿ ಹೋಯ್ತು. ಆ ರಾಜ್ಯದಿಂದ ಹೊರಟರೆ ಮೊದಲು ನೆರಳುಬಂಡೆ, ಆಮೇಲೆ ಆನೆಬಂಡೆ, ಕೊನೇಗೆ ಒಂಟಿಬಂಡೆ. ಅದು ದಾಟಿದರೆ ಉಪ್ಪಿನಕೊಪ್ಪ.

ಗಡಿಗೆಗೆ ನೀರು ಯಾರು ತುಂಬಿಸಬೇಕು? ಹೋಗೋ ಬರೋ ಹೇರುಗಾರರೇ ತುಂಬಿಸಬೇಕು. ಮೂರು ಕತ್ತೆ ಇದ್ದವನು ಎರಡರ ಮೇಲೆ ಸರಕು ಹೇರಬೇಕು, ಒಂದರ ಮೇಲೆ ನೀರು. ಆ ನೀರು ತನಗಲ್ಲ. ಬಂಡೆಗೆ ಬಂದಾಗ ಬೇರೆಯವರು ತುಂಬಿಟ್ಟ ಗಡಿಗೆ ತನ್ನ ಪಾಲಿನಷ್ಟೇ ತೆಗೆದು ಕುಡೀಬೇಕು. ಖಾಲಿಯಾದ ಗಡಿಗೆಗೆ ತನ್ನ ನೀರು ತುಂಬಿಸಬೇಕು. ಬಾಯಿಗೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ತನ್ನ ಮನೆಯ ಗುರುತು ಒತ್ತಿ ಹೋಗಬೇಕು. ತಾನು ತುಂಬಿದ್ದನ್ನ ತಾನು ಕುಡಿಯೋ ಹಂಗಿಲ್ಲ. ಅದು ಮುಂದೆ ಬರುವವನ ನೀರು. ಬರುವವನು ಯಾರೋ, ಎಂಥವನೋ, ಮುಖ ಕಂಡಿರೋದಿಲ್ಲ. ಆದರೂ ತುಂಬಬೇಕು. ಆ ದಾರಿ ನಿಂತದ್ದೇ ಅದರ ಮೇಲೆ.

ಹೂಂ ಅನ್ರೋ. ಹಾಂ, ಹಂಗೆ.

ಈ ಹೇರುಗಾರರಿಗೆಲ್ಲ ಒಬ್ಬ ಯಜಮಾನ. ಸಿರಿಯಣ್ಣ ಅಂತ ಹೆಸರು. ದೊಡ್ಡ ಮೀಸೆ, ದೊಡ್ಡ ಮಾತು, ಕೊಟ್ಟಿಗೆ ತುಂಬ ಕತ್ತೆ. ಒಂದೊಂದು ತಂಡ ಹೊರಡುವಾಗಲೂ ಬಾವಿಕಟ್ಟೆ ಮೇಲೆ ನಿಂತು ಕೂಗೋನು, "ಮುಂದೆ ಬರುವವನ ನೀರು ಮರೆತೀರಿ, ಜೋಕೆ!" ಜನ ಕೈ ಮುಗಿಯೋರು. ಒಳ್ಳೇ ಮನುಷ್ಯನೇ ಕಣ್ರೋ. ಸುಳ್ಳು ಯಾಕೆ ಹೇಳಲಿ? ಒಳ್ಳೆಯವರೇ ಕೆಡೋದು, ಕೆಟ್ಟವರು ಕೆಡೋಕೆ ಉಳಿದಿರೋದಾದರೂ ಏನು?

ಹಿಂಗಿರುವಾಗ ರಾಜನ ಮಗಳ ಮದುವೆ ನಿಶ್ಚಯ ಆಯ್ತು. ಊರೂರಿಗೆ ಊಟ ಹಾಕಿಸಬೇಕು. ಉಪ್ಪಿಲ್ಲದೆ ಊಟ ಉಂಟೆ? ರಾಜ ಡಂಗುರ ಹೊಡೆಸಿದ. "ಮದುವೆಯೊಳಗೆ ಎಲ್ಲರಿಗಿಂತ ಹೆಚ್ಚು ಉಪ್ಪು ತಂದವನನ್ನ ನನ್ನ ಬಲಗಡೆ ಕೂರಿಸಿ, ತುಂಬಿದ ಸಭೇಲಿ ಜರಿಪೇಟ ಸುತ್ತಿಸ್ತೀನಿ."

ಸಿರಿಯಣ್ಣನ ಎದೇಲಿ ಹುಳ ಹೊಕ್ಕಿತು. ದುಡ್ಡಿನ ಆಸೆ ಅಲ್ಲ, ಅವನಿಗೆ ದುಡ್ಡಿತ್ತು. ತುಂಬಿದ ಸಭೆ, ರಾಜನ ಬಲಗಡೆ, ತಲೆ ಮೇಲೆ ಜರಿ. ಬೇರೆ ಯಾವನೋ ಹೇರುಗಾರ ಅಲ್ಲಿ ಕೂತರೆ ಯಜಮಾನನ ಮುಖ ಎಲ್ಲಿಡೋದು? ಹಿಂಗೆ ಯೋಚನೆ ಮಾಡ್ತಾ ಮಾಡ್ತಾ ಅವನ ಕಣ್ಣು ನೀರಿನ ಕತ್ತೆಗಳ ಮೇಲೆ ಬಿತ್ತು.

ಉಪ್ಪಿನಕೊಪ್ಪಕ್ಕೆ ಹೋದ. ಬರುವಾಗ ಒಂದು ನೀರಿನ ಕತ್ತೆಯ ತೊಗಲುಚೀಲಕ್ಕೂ ಉಪ್ಪು ತುಂಬಿದ. ಒಂಟಿಬಂಡೆ ಹತ್ತಿರ ಬಂದಾಗ ಆಳುಗಳಿಗೆ ಹೇಳಿದ, "ನೀವು ಮುಂದೆ ನಡೀರಿ, ಗಡಿಗೆ ನಾನೇ ತುಂಬಿಸ್ತೀನಿ." ಆಳುಗಳು, "ನೋಡ್ರೋ ನಮ್ಮ ಯಜಮಾನ್ರ ದೊಡ್ಡ ಗುಣ" ಅಂತ ಹೊಗಳ್ತಾ ಹೋದರು. ಇವನು ಒಂದು ಗಡಿಗೆಗೆ ಮರಳು ತುಂಬಿದ. ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಮರಳು ತುಂಬಿದ್ದೂ ತುಳುಕಲ್ಲ ಕಣ್ರೋ. ಬಾಯಿಗೆ ಜೇಡಿ ಮೆತ್ತಿದ. ತನ್ನ ಮನೆ ಗುರುತು ಒತ್ತೋಕೆ ಹೋಗಿ ಕೈ ಹಿಂದಕ್ಕೆ ತೆಗೆದ.

ಬೈಚಣ್ಣ ಅಂತ ಒಬ್ಬ ಬಡ ಹೇರುಗಾರ ಇದ್ದ. ಅವನ ಮನೆ ಗುರುತು ಅಂದರೆ ಮೂರು ಬೆರಳಿನ ಗೀರು, ಅಷ್ಟೇ. ಸಿರಿಯಣ್ಣ ಮೂರು ಬೆರಳು ಇಟ್ಟು ಎಳೆದ. ಬೈಚಣ್ಣನ ಮೇಲೆ ದ್ವೇಷ ಇತ್ತಾ? ಇಲ್ಲ. ಗೀರು ಎಳೆಯೋದು ಸುಲಭ ಇತ್ತು. ಮೇಲಾಗಿ ಬೈಚಣ್ಣ ಬಡವ, ಅವನ ಪರ ಮಾತಾಡೋರು ಯಾರು?

ಅಲ್ಲಿ ಬೂದಿ ಅಂತ ಒಂದು ಮುದಿ ಹೆಣ್ಣುಕತ್ತೆ ನಿಂತಿತ್ತು. ಸಿರಿಯಣ್ಣನ ಅಪ್ಪನ ಕಾಲದಿಂದ ಆ ಮನೆ ಹೇರು ಹೊತ್ತ ಕತ್ತೆ. ಆ ಕಾಲದಲ್ಲಿ ಕತ್ತೆಗಳು ಮಾತಾಡ್ತಿದ್ವು. ಈಗಲೂ ಕೆಲವು ಆಡ್ತವೆ, ಹೆಸರು ಹೇಳೋದು ಬೇಡ.

"ಯಜಮಾನಾ, ಅದು ಮುಂದೆ ಬರುವವನ ಗಡಿಗೆ" ಅಂತು ಬೂದಿ.

"ಇಷ್ಟು ಗಡಿಗೇಲಿ ಒಂದೇ ಒಂದು ಕಣೇ" ಅಂದ ಸಿರಿಯಣ್ಣ. ಅಂದವನಿಗೆ ಕಿವಿ ಬಿಸಿಯಾಯ್ತು. ಊರು ಸೇರೋ ಹೊತ್ತಿಗೆ ತಣ್ಣಗಾಯ್ತು.

ಎರಡನೇ ಸಲ ಹೋಗಿ ಬರುವಾಗ ಅರ್ಧದಷ್ಟು ನೀರಿನ ಕತ್ತೆಗಳ ಮೇಲೆ ಉಪ್ಪು. ಆಳುಗಳನ್ನ ಹಂಗೇ ಮುಂದೆ ಕಳಿಸಿ ಒಂಟಿಬಂಡೇಲಿ ಮರಳು ತುಂಬಿದ, ಆನೆಬಂಡೇಲೂ ತುಂಬಿದ. ಎಲ್ಲದಕ್ಕೂ ಮೂರು ಬೆರಳಿನ ಗೀರು.

"ಯಜಮಾನಾ, ನಾಚಿಕೆ ಆಗಲ್ವಾ?" ಅಂತು ಬೂದಿ.

"ಮದುವೆ ಒಂದು ಮುಗೀಲಿ, ಒಂದಕ್ಕೆರಡು ತುಂಬಿಸ್ತೀನಿ" ಅಂದ. ನಾಳೆ ಮಾಡ್ತೀನಿ ಅನ್ನೋನ ನಾಲಿಗೆ ಎಷ್ಟು ಉದ್ದ ನೋಡ್ರಿ.

ಮೂರನೇ ಸಲ ನೀರು ಹೊತ್ತ ಕತ್ತೆ ಒಂದೂ ಇಲ್ಲ. ಎಲ್ಲದರ ಮೇಲೂ ಉಪ್ಪೇ ಉಪ್ಪು. ಕುಡಿದದ್ದು ಬೇರೆಯವರ ನೀರು, ಇಟ್ಟದ್ದು ಮರಳು. ಒಂಟಿಬಂಡೆ, ಆನೆಬಂಡೆ, ನೆರಳುಬಂಡೆ, ಮೂರರಲ್ಲೂ.

"ಈ ಹೇರು ನನ್ನ ಬೆನ್ನ ಮೇಲಿಂದ ಇಳಿಸು. ನಾನು ಹೊರಲ್ಲ" ಅಂತು ಬೂದಿ.

"ಕತ್ತೆ ಕತ್ತೆ ಥರ ಇರು" ಅಂತ ಸಿರಿಯಣ್ಣ ಬಾರುಕೋಲು ಎತ್ತಿದ. ಅವತ್ತಿನವರೆಗೂ ಅವನು ಬೂದಿಗೆ ಹೊಡೆದವನಲ್ಲ. ಅವತ್ತು ಹೊಡೆದ. ಬೇಲಿಯೇ ಎದ್ದು ಹೊಲ ಮೇಯ್ತು, ಕಾಯೋರು ಯಾರು?

ಮದುವೆ ಆಯ್ತು. ಜರಿಪೇಟ ಸಿರಿಯಣ್ಣನ ತಲೆಗೇ ಬಂತು. ಅದನ್ನ ಸುತ್ತಿಕೊಂಡು ಮನೆಗೆ ಬಂದು ಗೂಟಕ್ಕೆ ನೇತುಹಾಕಿ, ಗಡಿಗೆ ವಿಷಯ ಮರೆಯೋಕೆ ನೋಡಿದ. ನಾಳೆ ನೀರು ಹೊತ್ತು ಹೋಗ್ತೀನಿ ಅಂದುಕೊಂಡ. ನಾಳೆಗೆ ಒಂದು ನಾಳೆ ಹುಟ್ಟಿತು.

ಅಷ್ಟರಲ್ಲಿ ಉಪ್ಪಿನಕೊಪ್ಪದ ಕಡೆಯಿಂದ ಒಂದು ತಂಡ ಬಂತು. ಬಂತು ಅನ್ನೋದಕ್ಕಿಂತ ತೆವಳಿತು ಅನ್ನಿ. ತುಟಿ ಒಡೆದು, ನಾಲಿಗೆ ದಪ್ಪವಾಗಿ, ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬಂದರು. ಜೊತೆಗೆ ಕತ್ತೆ ಒಂದೂ ಇಲ್ಲ. ಪಾಲಿಗೆ ಸಿಕ್ಕ ನೀರು ಸಾಲದೆ ಎಲ್ಲ ಮರಳಲ್ಲೇ ಸತ್ತಿದ್ವು. ಕತ್ತೆ ಸತ್ತರೆ ಹೇರುಗಾರನ ಮನೇಲಿ ಒಲೆ ಹತ್ತಲ್ಲ ಕಣ್ರಪ್ಪಾ. ಅವರು ಮುಷ್ಟಿ ಬಿಚ್ಚಿ ಒಣಗಿದ ಜೇಡಿಯ ಚೂರು ತೋರಿಸಿದರು. ಅದರ ಮೇಲೆ ಮೂರು ಬೆರಳಿನ ಗೀರು.

"ಗಡಿಗೇಲಿ ಮರಳು! ಮುಂದೆ ಬರುವವನಿಗೆ ಮರಳು!"

ಊರಿಗೆ ಊರೇ ಬೈಚಣ್ಣನ ಗುಡಿಸಲಿಗೆ ನುಗ್ಗಿತು. ಅವನನ್ನ ಎಳೆದು ತಂದು ಬಾವಿಕಟ್ಟೆ ಮುಂದೆ ನಿಲ್ಲಿಸಿದರು. ಅವನ ಹಿಂದೆ ಹೆಂಡತಿ ಚಿಕ್ಕತಾಯಿ, ಅವಳ ಸೊಂಟದ ಮೇಲೆ ಆಗಷ್ಟೇ ಮಾತು ಕಲಿತ ಹೆಣ್ಣುಮಗು. ರಾಜನೂ ಬಂದ. ನ್ಯಾಯ ಹೇಳಬೇಕಾದವನು ಯಾರು? ಹೇರುಗಾರರ ಯಜಮಾನ. ಯಾರು ಅಂತ ಗೊತ್ತಲ್ಲ?

"ಯಜಮಾನ್ರೇ, ನಾನು ನೀರೇ ತುಂಬಿದ್ದು. ನನ್ನ ತಾತನೂ ನೀರೇ ತುಂಬಿದ್ದು. ನಿಮಗೆ ನನ್ನ ಗೊತ್ತಿಲ್ವಾ?" ಅಂತ ಬೈಚಣ್ಣ ಕೈ ಜೋಡಿಸಿದ.

ಜನ ಅವನ ಮೇಲೆ ಉಗಿದರು. ಸಿರಿಯಣ್ಣ ನೆಲ ನೋಡಿದ. ಇವತ್ತು ಹೇಳಿಬಿಡಲಾ ಅಂತ ಬಾಯಿ ತೆರೆದ. ಎದುರಿಗೆ ರಾಜ, ಸುತ್ತ ಜನ, ಅಷ್ಟೂ ಜನ ಕೈ ಮುಗಿದವರೇ. ಕೊನೆಗೆ ಹೊರಬಂದದ್ದು ಬೇರೆ ಮಾತು.

"ನಿನ್ನ ಗಡಿಗೆ ನೀನೇ ಕುಡಿ."

ಆ ದಾರೀಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ತಪ್ಪು ಮಾಡಿದ ಮನೆಯವರೆಲ್ಲ ಕತ್ತೆ ಇಲ್ಲದೆ, ನೀರಿಲ್ಲದೆ ಆ ದಾರಿ ನಡೀಬೇಕು. ಒಂದೊಂದು ಬಂಡೇಲಿ ಒಂದೇ ಗಡಿಗೆ ತೆಗೀಬಹುದು, ಅದೂ ತಮ್ಮ ಮನೆ ಗುರುತಿದ್ದದ್ದು. ನೀರು ಬಂದರೆ ಕುಡೀಬೇಕು. ಮರಳು ಬಂದರೆ ಅಲ್ಲೇ ಕೂರಬೇಕು. ಬೈಚಣ್ಣ ತುಂಬಿಟ್ಟ ನೀರಿನ ಗಡಿಗೆಗಳೂ ಅಲ್ಲಿದ್ವು, ಅವನ ಹೆಸರಿನ ಮರಳಿನ ಗಡಿಗೆಗಳೂ ಇದ್ವು. ಹೊರಗಿನಿಂದ ಎಲ್ಲ ಒಂದೇ. ಯಾವುದರಲ್ಲಿ ಏನಿದೆ ಅಂತ ಆ ಬಡಪಾಯಿಗೆ ಹೆಂಗೆ ಗೊತ್ತಾಗಬೇಕು?

ಅವತ್ತು ಸಂಜೆ ಸಿರಿಯಣ್ಣನಿಗೆ ತುತ್ತು ಇಳಿಯಲಿಲ್ಲ. ಅವನ ಹೆಂಡತಿ, "ಪಾಪ, ಎಷ್ಟು ನೊಂದುಕೊಂಡಿದೀರಿ. ನೀವಿಲ್ಲದಿದ್ದರೆ ಈ ದಾರಿ ಕಾಯೋರು ಯಾರಿದ್ರು?" ಅಂದಳು. ಬೈದಿದ್ದರೆ ತಡಕೊಳ್ತಿದ್ದನೇನೋ. ಹೊಗಳಿಕೆ ಕೇಳೋಕಾಗದೆ ಎದ್ದು ಹೊರಗೆ ಹೋದ.

ಇತ್ತ ಚಿಕ್ಕತಾಯಿ ಬಾವಿ ಹತ್ತಿರ ಒಬ್ಬಳೇ ಅಳ್ತಾ ಕೂತಿದ್ಲು. ನೀರು ಕುಡಿಯೋಕೆ ಬಂದ ಬೂದಿ ಅವಳ ಪಕ್ಕ ನಿಂತು ಎಲ್ಲಾನೂ ಹೇಳಿತು. ಮೂರು ಸಲದ ಸಂಗತೀನೂ ಹೇಳಿತು.

"ಅವ್ವಾ, ಆ ಉಪ್ಪು ಹೊತ್ತಿದ್ದು ನಾನು. ಹೊರಲ್ಲ ಅಂದೆ, ಏಟು ಬಿದ್ದ ಮೇಲೆ ಹೊತ್ತೆ. ನನಗೂ ನಾಚಿಕೆ" ಅಂತು.

ಚಿಕ್ಕತಾಯಿ ಕಣ್ಣೊರೆಸಿಕೊಂಡಳು. "ಬಾ, ರಾಜನ ಮುಂದೆ ಹೇಳು ಬಾ."

"ಕತ್ತೆ ಮಾತು ನ್ಯಾಯದಲ್ಲಿ ನಿಲ್ಲುತ್ತಾ ತಾಯಿ? ಯಜಮಾನ ಒಂದು ಮಾತು ಅಂದರೆ ನನ್ನ ಚರ್ಮ ಸುಲೀತಾರೆ, ನಿನ್ನ ಗಂಡನಿಗೆ ಶಿಕ್ಷೆ ತಪ್ಪಲ್ಲ. ಇದು ಅವನ ಬಾಯಿಂದಲೇ ಬರಬೇಕು."

ಚಿಕ್ಕತಾಯಿ ಬಹಳ ಹೊತ್ತು ಯೋಚನೆ ಮಾಡಿದಳು. ಆಮೇಲೆ ಎದ್ದು ಸೆರಗು ಬಿಗಿದು, ನೆಟ್ಟಗೆ ರಾಜನ ಹತ್ತಿರ ಹೋದಳು.

"ಮಾಪ್ರಭು, ಶಿಕ್ಷೆ ಒಪ್ಕೊಂಡ್ವಿ. ನಮ್ಮದು ಕೆಟ್ಟ ಕೈ ಅಂದಿರಿ. ಕೆಟ್ಟ ಕೈ ಮುಟ್ಟಿದರೆ ಅಕ್ಕಪಕ್ಕದ ಗಡಿಗೆಯೂ ಕೆಡೋದಿಲ್ವಾ? ಯಜಮಾನ್ರದು ಒಳ್ಳೇ ಕೈ. ಅವರೇ ಬಂದು ನಮ್ಮ ಗುರುತಿನ ಗಡಿಗೆ ಆರಿಸಿ ಕೊಡಲಿ. ಇನ್ನೊಂದು ಮಾತು. ನ್ಯಾಯ ಹೇಳಿಸಿದವರು ನ್ಯಾಯ ನೋಡಬೇಕು. ತಾವೂ ಬರಬೇಕು."

ಸುತ್ತ ಇದ್ದವರು, "ಸರಿಯಾದ ಮಾತೇ" ಅಂದರು. ರಾಜನಿಗೆ ಇಲ್ಲ ಅನ್ನೋಕಾಗಲಿಲ್ಲ. ಆ ದಾರೀಲಿ ಕುದುರೆ ನಡಿಯಲ್ಲ, ಪಲ್ಲಕ್ಕಿ ನಡಿಯಲ್ಲ. ಹಂಗಾಗಿ ರಾಜ ಕತ್ತೆ ಹತ್ತಿದ. ನಮ್ಮ ಬೂದಿಯನ್ನೇ ಹತ್ತಿದ. ಈಗ ನಕ್ಕೊಳ್ಳಿ. ಮುಗೀತಾ? ಇನ್ನು ಮುಂದೆ ನಗು ಇಲ್ಲ.

ಮುಂದೆ ಬೈಚಣ್ಣ, ಅವನ ಹಿಂದೆ ಮಗು ಎತ್ತಿಕೊಂಡ ಚಿಕ್ಕತಾಯಿ, ಅವಳ ಹಿಂದೆ ಸಿರಿಯಣ್ಣ, ಕೊನೇಲಿ ಕತ್ತೆ ಮೇಲೆ ರಾಜ, ನಾಲ್ಕು ಜನ ಆಳು. ಬಿಸಿಲು ಅಂದರೆ ಬಿಸಿಲು. ರಾಜನ ತಲೆ ತಿರುಗಿತು. ಅವನು ಹುಟ್ಟಿದಾಗಿನಿಂದ ಉಪ್ಪು ತಿಂದಿದ್ದ, ಉಪ್ಪು ಬರೋ ದಾರಿ ಕಂಡಿರಲಿಲ್ಲ.

ನೆರಳುಬಂಡೆ ಬಂತು. ಮಗು ನಾಲಿಗೆ ಹೊರಗೆ ಹಾಕಿ, "ಅವ್ವಾ, ನೀರು" ಅಂತು. ಚಿಕ್ಕತಾಯಿ ಅದನ್ನ ಇಳಿಸಿ ಸಿರಿಯಣ್ಣನ ಕಾಲ ಮುಂದೇ ಕೂರಿಸಿದಳು.

"ಯಜಮಾನ್ರೇ, ಆರಿಸಿ ಕೊಡಿ."

ಮೂರು ಗೀರಿನ ಗಡಿಗೆಗಳು ಅಲ್ಲಲ್ಲಿ ಇದ್ವು. ಸಿರಿಯಣ್ಣನ ಕೈ ಹತ್ತಿರದ ಗಡಿಗೆ ಕಡೆ ಹೋಯ್ತು. ಕದ್ದವನಿಗೆ ಕದ್ದ ಜಾಗ ಮರೆಯುತ್ತಾ? ಅದರಲ್ಲಿ ಮರಳಿದೆ ಅಂತ ಅವನಿಗೆ ಗೊತ್ತು. ಮಗು ಅವನ ಕಾಲುಂಗುಟ ಹಿಡಕೊಂಡು ಮೇಲೆ ನೋಡ್ತಿತ್ತು. ಕೈ ಹಿಂದಕ್ಕೆ ಬಂತು. ಪಕ್ಕದ್ದನ್ನ ಎತ್ತಿ ಕೊಟ್ಟ. ಬೈಚಣ್ಣ ಜೇಡಿ ಬಿಡಿಸಿದ. ಒಳಗೆ ತಣ್ಣನೆ ನೀರು.

"ನಿನ್ನ ಅದೃಷ್ಟ ಕಣಯ್ಯಾ" ಅಂದ ರಾಜ.

ಆನೆಬಂಡೆ ಬಂತು. ಮಗು ಈ ಸಲ ಅಳಲಿಲ್ಲ, ಅಳೋಕೆ ಕಣ್ಣಲ್ಲಿ ನೀರಿರಲಿಲ್ಲ. ಚಿಕ್ಕತಾಯಿ ಅದನ್ನ ಮತ್ತೆ ಅವನ ಕಾಲ ಮುಂದೆ ಕೂರಿಸಿದಳು. ಸಿರಿಯಣ್ಣನ ಕೈ ಒಂದನ್ನ ಬಿಟ್ಟಿತು, ಇನ್ನೊಂದನ್ನ ಬಿಟ್ಟಿತು, ಮೂಲೆಯ ಗಡಿಗೆ ಎತ್ತಿತು. ಅದರಲ್ಲೂ ನೀರು.

"ಮತ್ತೆ ಅದೃಷ್ಟ!" ಅಂದ ರಾಜ. ಆದರೆ ಈ ಸಲ ಹುಬ್ಬು ಗಂಟಿಕ್ಕಿ ಅಂದ.

ಆಳುಗಳು ಬೇರೆಯವರ ಗಡಿಗೆಯಿಂದ ಸಿರಿಯಣ್ಣನಿಗೂ ನೀರು ಕೊಟ್ಟರು. ಅವನು ಒಂದು ಗುಟುಕು ಕುಡಿದು ಉಳಿದದ್ದನ್ನ ಪಕ್ಕಕ್ಕಿಟ್ಟ. ಎದುರಿಗೆ ಬೈಚಣ್ಣ ಕೈ ಮುಗಿದು, "ನಿಮ್ಮ ಕೈಗುಣ ದೊಡ್ಡದು ಯಜಮಾನ್ರೇ. ನಮ್ಮ ಮಗು ಬದುಕಿದ್ದು ನಿಮ್ಮಿಂದ" ಅಂದ. ಅವನಿಗೆ ಏನೂ ಗೊತ್ತಿರಲಿಲ್ಲ ಪಾಪ, ಹೆಂಡತಿ ಹೇಳಿರಲಿಲ್ಲ. ಸಿರಿಯಣ್ಣನಿಗೆ ಮರಳು ಬಾಯಿ ತೆರೆದು ನುಂಗಿಬಿಡಬಾರದೇ ಅನ್ನಿಸಿತು. ಆದರೂ ಹೇಳಲಿಲ್ಲ. ಇನ್ನೊಂದೇ ಬಂಡೆ, ಇನ್ನೊಂದೇ ಸಲ ಒಳ್ಳೇ ಗಡಿಗೆ ಕೊಟ್ಟುಬಿಟ್ಟರೆ ಇವರು ದಾಟಿಹೋಗ್ತಾರೆ, ನಾನೂ ಉಳೀತೀನಿ ಅಂದುಕೊಂಡ. ಥೂ! ನೋಡ್ರೋ ಮನುಷ್ಯನ ಲೆಕ್ಕಾಚಾರ.

ಒಂಟಿಬಂಡೆ ಬಂತು. ಮೂರು ಸಲವೂ ಅವನು ಮರಳು ತುಂಬಿದ ಜಾಗ ಅದು. ಮಗು ತಾಯಿಯ ಹೆಗಲ ಮೇಲೆ ಬಾಡಿದ ಸೊಪ್ಪಿನ ಥರ ಜೋತುಬಿದ್ದಿತ್ತು. ಸಿರಿಯಣ್ಣ ತಾನೇ ಮುಂದೆ ಬಂದು ಗಡಿಗೆಗೆ ಕೈ ಚಾಚಿದ.

ಚಿಕ್ಕತಾಯಿ ಅಡ್ಡ ನಿಂತಳು.

"ಬೇಡ ಯಜಮಾನ್ರೇ. ಎರಡು ಸಲ ನಿಮ್ಮ ಕೈ ನೋಡಾಯ್ತು. ಈ ಸಲ ಮಾಪ್ರಭುಗಳ ಕೈಯಿಂದ ಆಗಲಿ. ಅವರಿಗಿಂತ ಒಳ್ಳೇ ಕೈ ಯಾವುದಿದೆ?"

ರಾಜ ಬೂದಿಯಿಂದ ಇಳಿದ. ಅವನಿಗೇನು ಗೊತ್ತು? ಮೂರು ಗೀರು ಇದ್ದ ಗಡಿಗೆ ಯಾವುದು ಹತ್ತಿರ ಸಿಕ್ಕಿತೋ ಅದನ್ನೇ ಎರಡೂ ಕೈಲಿ ಹಿಡಿದ. ಅದು ಸಿರಿಯಣ್ಣ ಮೊದಲ ಸಲ ತುಂಬಿದ ಗಡಿಗೆ. ಒಂದು ಬಂಡೆಗೆ ಒಂದೇ ಗಡಿಗೆ. ಅದು ತೆರೆದರೆ ಮರಳು, ಆಮೇಲೆ ಮಗುವಿಗೆ ನೀರಿಲ್ಲ. ಸುಮ್ಮನಿದ್ದರೆ ತನ್ನ ಮಾನ ಉಳೀತದೆ. ಮಗು ಒಂದು ಸಲ ಕಣ್ಣು ಬಿಟ್ಟು, ಮುಚ್ಚಿತು.

"ಅದು ಬೇಡ! ಅದರಲ್ಲಿ ಮರಳಿದೆ!"

ಕೂಗಿದ್ದು ಸಿರಿಯಣ್ಣ.

ರಾಜ ಗಡಿಗೆ ಹಿಡಿದುಕೊಂಡೇ ತಿರುಗಿದ. ಜೇಡಿ ಹಂಗೇ ಇದೆ, ಒಂದು ಬಿರುಕೂ ಬಿಟ್ಟಿಲ್ಲ. ಗಡಿಗೆಯನ್ನ ಕೆಳಕ್ಕೆ ಹಾಕಿದ. ಒಡೀತು. ಮರಳು ಸುರಿದು ರಾಜನ ಪಾದ ಮುಚ್ಚಿತು.

"ಬಾಯಿ ಮುಚ್ಚಿದ ಗಡಿಗೇಲಿ ಮರಳಿರೋದು ನಿನಗೆ ಹೆಂಗೆ ಗೊತ್ತಾಯ್ತು, ಯಜಮಾನಾ?"

ಸಿರಿಯಣ್ಣ ಹೋಗಿ ಒಂದು ಗಡಿಗೆ ತಂದು ಬೈಚಣ್ಣನ ಮುಂದೆ ಇಟ್ಟ. "ಇದರಲ್ಲಿ ನೀರಿದೆ. ಮೊದಲು ಮಗುವಿಗೆ ಕುಡಿಸು" ಅಂದ. ಆಮೇಲೆ ಒಂದ್ಕಡೆಯಿಂದ ಬೆರಳು ತೋರಿಸ್ತಾ ಹೋದ. "ಅದು ಮರಳು. ಅದು ಮರಳು. ಆ ಮೂಲೇದೂ ಮರಳು." ತೋರಿಸಿ ತೋರಿಸಿ ಕೈ ಸೋತಿತು. "ತುಂಬಿದ್ದು ನಾನು. ಗೀರು ಎಳೆದದ್ದು ನಾನು. ನ್ಯಾಯ ಹೇಳಿದ್ದೂ ನಾನೇ" ಅಂದು ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಮಗು ಗುಟುಕು ಗುಟುಕಾಗಿ ನೀರು ಕುಡೀತು. ಬೈಚಣ್ಣನ ಮುಖಕ್ಕೆ ಉಗಿದಿದ್ದ ಆಳುಗಳು ಅಲ್ಲೇ ಇದ್ದರು, ಅವರು ಅತ್ತ ತಿರುಗಿ ನಿಂತರು.

ಚಿಕ್ಕತಾಯಿ ಬೆಂಕಿ ಆಗಿದ್ಲು. "ಮರಳು ತುಂಬಿದವನಿಗೆ ಮರಳು ಎಲ್ಲಿದೆ ಅಂತ ಗೊತ್ತಿರುತ್ತೆ, ಅವನಲ್ಲಿ ಇನ್ನೂ ಒಂದು ಹನಿ ಕರುಣೆ ಉಳಿದಿದ್ದರೆ ಬಾಯಿ ಬಿಡ್ತಾನೆ ಅಂದುಕೊಂಡೆ. ಅದನ್ನ ನಂಬಿ ನನ್ನ ಮಗೂನ ನಿನ್ನ ಮುಂದೆ ಬಾಯಾರಿಸಿ ಕೂರಿಸಿದೆ. ಹೆತ್ತವಳು ಮಾಡೋ ಕೆಲಸವಾ ಇದು? ನನ್ನ ಕೈಲೂ ಈ ಕೆಲಸ ಮಾಡಿಸಿದೆಯಲ್ಲೋ, ನಿನ್ನ ಜರಿಪೇಟಕ್ಕೆ ಬೆಂಕಿ ಬೀಳ!" ಅಂತ ಮಗೂನ ಎದೆಗೆ ಅವಚಿಕೊಂಡು ಗೊಳೋ ಅಂತ ಅತ್ತಳು.

ರಾಜನ ತಲೆ ತಗ್ಗಿತ್ತು. "ಉಪ್ಪು ಹೆಂಗೆ ಬರುತ್ತೆ ಅಂತ ಕೇಳದೆ, ಹೆಚ್ಚು ತಂದವನಿಗೆ ಪೇಟ ಅಂದವನು ನಾನು. ನನ್ನ ಪಾಲೂ ಇದರಲ್ಲಿದೆ" ಅಂದ. ಆಮೇಲೆ ಸಿರಿಯಣ್ಣನ ಕಡೆ ತಿರುಗಿದ. "ನೀನು ಹೇಳಿದ ನ್ಯಾಯ ನಿನಗೂ ಅದೇ. ನಿನ್ನ ಗಡಿಗೆ ನೀನೇ ಕುಡಿ."

"ಒಪ್ಪಿದೆ ಮಾಪ್ರಭು" ಅಂದ ಸಿರಿಯಣ್ಣ. ಸಾಯೋದು ಅವನಿಗೆ ಸುಲಭ ಅನ್ನಿಸಿತ್ತು.

ಆಗ ಬೈಚಣ್ಣ ಬಾಯಿ ಬಿಟ್ಟ. "ಬೇಡ ಮಾಪ್ರಭು. ಇವರು ಸತ್ತರೆ ಈ ಗಡಿಗೆ ತುಂಬುತ್ತಾ? ನಾಳೆ ಇನ್ನೊಂದು ತಂಡ ಬರುತ್ತೆ. ಮೊದಲು ಮರಳು ಸುರಿದು ನೀರು ತುಂಬಿಸಲಿ. ಸಾಯೋದು ಆಮೇಲೆ ಇದ್ದೇ ಇದೆ."

ಅದೇ ಶಿಕ್ಷೆ ಆಯ್ತು. ಸಿರಿಯಣ್ಣನ ಯಜಮಾನಿಕೆ ಹೋಯ್ತು. ಅವನ ಕತ್ತೆಗಳು, ಕತ್ತೆ ಸತ್ತು ಬೀದಿಗೆ ಬಿದ್ದ ಆ ಹೇರುಗಾರರ ಮನೆಗೆ ಹೋದ್ವು. ರಾಜ ತನ್ನ ಕಡೆಯಿಂದಲೂ ನೀರು ಹೊರೋಕೆ ಕತ್ತೆಗಳನ್ನ ಬಿಟ್ಟ. ಬೂದಿಗೆ ಹೇರು ತಪ್ಪಿತು, ಅರಮನೆ ಹುಲ್ಲು ತಿಂದು ದಪ್ಪಗಾಯ್ತು. ಸಿರಿಯಣ್ಣ ಒಂಟಿಬಂಡೆ ಹತ್ತಿರವೇ ಒಂದು ಚಪ್ಪರ ಹಾಕಿಕೊಂಡು, ಉಪ್ಪಿನಕೊಪ್ಪದ ಬಾವಿಯಿಂದ ತನ್ನ ಹೆಗಲ ಮೇಲೇ ನೀರು ಹೊತ್ತು ತಂದು ಗಡಿಗೆ ತುಂಬಿಸ್ತಾ ಉಳಿದ. ಬಂದವರಿಗೆ ಬೊಗಸೆಗೆ ಬಗ್ಗಿಸಿ ಕೊಡೋದೂ ಅವನೇ.

ಆದರೆ ಕೇಳಿ. ಬಂದವರು ಯಾರೂ ಸುಮ್ಮನೆ ಕುಡೀತಿರಲಿಲ್ಲ. "ಇದರಲ್ಲಿ ನೀರೇ ಇದೆಯಾ?" ಅಂತ ಕೇಳೋರು. ದೊಡ್ಡವರು ಕೇಳೋರು, ಹುಡುಗರೂ ಕೇಳೋರು. ಅವನು ತಲೆ ತಗ್ಗಿಸಿ, "ನೀರೇ ಸ್ವಾಮಿ" ಅಂತ ಅವರ ಕಣ್ಣ ಮುಂದೆ ಒಂದು ಗುಟುಕು ತಾನು ಕುಡಿದು ತೋರಿಸೋನು. ಆಮೇಲೇ ಅವರು ಬೊಗಸೆ ಒಡ್ಡೋರು. ದಿನಾ ಇದೇ. ಅವನಿಗೂ ಅಭ್ಯಾಸ ಆಗಿಹೋಯ್ತು.

ಒಂದು ದಿನ ಬೈಚಣ್ಣ ಹೇರು ಹೊಡಕೊಂಡು ಆ ದಾರೀಲಿ ಬಂದ. ಸಿರಿಯಣ್ಣ ಗಡಿಗೆ ತೆಗೆದು, ಎಂದಿನಂತೆ ಮೊದಲು ತಾನು ಕುಡಿದು ತೋರಿಸೋಕೆ ಬಾಯಿ ಹತ್ತಿರ ತಂದ.

ಬೈಚಣ್ಣ ಏನೂ ಕೇಳಲಿಲ್ಲ. ಸುಮ್ಮನೆ ಬೊಗಸೆ ಒಡ್ಡಿದ.

ಊರೆಲ್ಲ ಕೇಳಿದಾಗ ಬಾರದ ಅಳು ಸಿರಿಯಣ್ಣನಿಗೆ ಆಗ ಬಂತು. ಬಗ್ಗಿಸಿದ ನೀರು ಅರ್ಧ ಮರಳಿಗೆ ಚೆಲ್ಲಿತು. ಬೈಚಣ್ಣ ಉಳಿದ ನೀರು ಕುಡಿದು, ಬಾಯಿ ಒರೆಸಿಕೊಂಡು, ತನ್ನ ತೊಗಲುಚೀಲ ಬಿಚ್ಚಿ ಖಾಲಿ ಗಡಿಗೆಗೆ ನೀರು ತುಂಬಿಸಿ, ಮೂರು ಬೆರಳಿನ ಗೀರು ಎಳೆದು ಹೊರಟುಹೋದ.

ಇದರ ನೀತಿ ಇಷ್ಟೇ ಕಣ್ರೋ, ಕಿವಿ ಕೊಟ್ಟು ಕೇಳಿ. ಹಿಂದೆ ಹೋದವರು ಇಟ್ಟದ್ದನ್ನ ಕುಡಿದ ಮೇಲೆ ಮುಂದೆ ಬರುವವನಿಗೆ ಇಟ್ಟು ಹೋಗಬೇಕು. ಯಾರೂ ನೋಡ್ತಿಲ್ಲ ಅಂತ ಮುಂದಿನವನ ಪಾಲು ತಿಂದವನು, ಒಂದಲ್ಲ ಒಂದು ದಿನ ನಂಬಿದವನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮನೆ ಹೇಳಿಲ್ಲ.

ಅವರ ಗಡಿಗೆ ಅವರ ಬಂಡೆ ಕೆಳಗೆ, ನಮ್ಮ ಕಥೆ ನಮ್ಮ ನಾಲಿಗೆ ಮೇಲೆ. ಸಾಕು, ಏಳಿ.